ಲೆಕ್ಕದ ಫೈಲಿಗೆ ಪಾಸ್‌ವರ್ಡ್ ಹಾಕಿದ ಮೇಲೆ ಅದನ್ನು ತಲುಪಿಸುವುದು ಹೇಗೆ?

ತಿಪಟೂರಿನ ಕೊಬ್ಬರಿ ಮಂಡಿಗಳಿಂದಲೂ ಶಿರಾದ ಅಂಗಡಿಗಳಿಂದಲೂ ತುಮಕೂರಿನ ಆಡಿಟರ್ ಕಚೇರಿಗಳಿಗೆ ಬರುವ ಮೇಲ್‌ಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ಸರ್, ಫೈಲ್ ಕಳಿಸಿದ್ದೀನಿ, ಪಾಸ್‌ವರ್ಡ್ ಕೆಳಗಿದೆ.’ ಬ್ಯಾಂಕ್ ಖಾತೆಯ ವಿವರ, ಪ್ಯಾನ್ ಸಂಖ್ಯೆ, ಇಡೀ ವರ್ಷದ ವಹಿವಾಟನ್ನು ಗೂಢಲಿಪಿಗೆ ಇಳಿಸಿದ ಶ್ರಮವೆಲ್ಲ ಆ ಸಾಲಿನಿಂದ ನೀರುಪಾಲಾಗುತ್ತದೆ. ಮೇಲ್ ಖಾತೆಗೆ ನುಗ್ಗಿದವನಿಗೆ ಫೈಲಿನ ಜೊತೆಗೆ ಪಾಸ್‌ವರ್ಡೂ ಸಿಗುತ್ತದೆ.

ಇಲ್ಲಿ ಬಳಕೆಯಾಗುವುದು ಸಮಮಿತೀಯ ಗೂಢಲಿಪೀಕರಣ, ಅಂದರೆ ಮುಚ್ಚಲೂ ತೆರೆಯಲೂ ಒಂದೇ ಕೀಲಿ. ನಮ್ಮ ಫೈಲಿನ ಮಟ್ಟಿಗೆ ಪಾಸ್‌ವರ್ಡೇ ಆ ಕೀಲಿ. ಇದರಲ್ಲಿ ವಿಧಾನ ಗುಟ್ಟಲ್ಲ. 2001ರಲ್ಲಿ ಅಮೆರಿಕ ಮಾನಕವಾಗಿ ಪ್ರಕಟಿಸಿದ ಎಇಎಸ್ ಎಂಬ ಗೂಢಲಿಪಿ ವಿಧಾನದ ಲೆಕ್ಕಾಚಾರವನ್ನು ಯಾರು ಬೇಕಾದರೂ ಓದಬಹುದು. ಗುಟ್ಟಾಗಿ ಉಳಿಯಬೇಕಾದುದು ಕೀಲಿ ಮಾತ್ರ. ಅದಕ್ಕೂ ಮೊದಲಿದ್ದ ಡಿಇಎಸ್ ಎಂಬ ಮಾನಕದ ಕೀಲಿ 56 ಬಿಟ್‌ಗಳಷ್ಟು ಚಿಕ್ಕದಾಗಿದ್ದುದರಿಂದ, ಅದನ್ನು ಒಡೆಯಲೆಂದೇ ಕಟ್ಟಿದ ಯಂತ್ರವೊಂದು 1998ರಲ್ಲಿ ಮೂರು ದಿನ ತುಂಬುವ ಮುನ್ನವೇ ಕೀಲಿಯನ್ನು ಹುಡುಕಿ ತೆಗೆದಿತ್ತು.

ಫೈಲನ್ನು ಮುಚ್ಚುವ ಕೆಲಸ ಸುಲಭ. ಉಚಿತವಾಗಿ ಸಿಗುವ 7-ಜಿಪ್ ಎಂಬ ತಂತ್ರಾಂಶ ಹಾಕಿಕೊಂಡು, 7ಝಡ್ ಮಾದರಿಯನ್ನು ಆರಿಸಿ, ಪಾಸ್‌ವರ್ಡ್ ಕೊಟ್ಟು, ಫೈಲಿನ ಹೆಸರುಗಳನ್ನೂ ಮರೆಮಾಡುವ ಚೌಕಕ್ಕೆ ಗುರುತು ಹಾಕಿದರೆ ಮುಗಿಯಿತು. ಜಿಪ್ ಮಾದರಿಯನ್ನು ಆರಿಸಿದರೆ ಜಿಪ್‌ಕ್ರಿಪ್ಟೊ ಎಂಬ ಹಳೆಯ ವಿಧಾನ ತಾನಾಗಿ ಬಂದು ಕೂರುತ್ತದೆ. ಅದನ್ನು ಒಡೆಯುವ ದಾರಿ 1994ರಲ್ಲೇ ಪ್ರಕಟವಾಗಿದೆ. ‘ನಿಮ್ಮ ಪಿಡಿಎಫ್‌ಗೆ ಉಚಿತವಾಗಿ ಬೀಗ ಹಾಕಿಕೊಡುತ್ತೇವೆ’ ಎನ್ನುವ ಜಾಲತಾಣಗಳ ತಂಟೆಗಂತೂ ಹೋಗಲೇಬಾರದು. ಬೀಗ ಹಾಕುವ ಮೊದಲೇ ಫೈಲು ಅಪರಿಚಿತರ ಕಂಪ್ಯೂಟರಿಗೆ ಹೋಗಿರುತ್ತದೆ.

ಪಾಸ್‌ವರ್ಡನ್ನು ತಲೆಯಿಂದ ಹೆಣೆಯಬಾರದು. ಇ-ಆಧಾರ್‌ನಲ್ಲಿರುವಂತೆ ಹೆಸರಿನ ಮೊದಲ ನಾಲ್ಕು ಅಕ್ಷರಕ್ಕೆ ಹುಟ್ಟಿದ ಇಸವಿಯನ್ನು ಸೇರಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ನಿಮ್ಮನ್ನು ಬಲ್ಲವರು ಅದನ್ನು ನಾಲ್ಕಾರು ಪ್ರಯತ್ನಗಳಲ್ಲಿ ಊಹಿಸಬಲ್ಲರು. 7,776 ಪದಗಳ ಪಟ್ಟಿಯಿಂದ ಪ್ರತಿ ಪದಕ್ಕೂ ಐದು ದಾಳಗಳನ್ನು ಉರುಳಿಸಿ ಆರು ಪದಗಳನ್ನು ಆರಿಸಿಕೊಳ್ಳುವುದು ನನಗೆ ಮೆಚ್ಚಿನ ದಾರಿ. ಪದಗಳನ್ನು ಕನ್ನಡ ಲಿಪಿಯಲ್ಲಿ ಟೈಪಿಸಬೇಡಿ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರ ಸಂಕೇತವೇ ಬೇರೆ, ಯೂನಿಕೋಡ್ ಬೇರೆ. ಜೊತೆಗೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದು ಒಂದು ಕಡೆ ಸೇರಿ ಇನ್ನೊಂದು ಕಡೆ ಬಿಟ್ಟುಹೋದರೂ ಫೈಲು ತೆರೆಯುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗಲೂ ‘ಹುಣಸೆ’ಯನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದರಿಂದ, ಕಾಗುಣಿತವನ್ನು ಕಾಗದದ ಮೇಲೆ ಬಿಡಿಬಿಡಿ ಅಕ್ಷರಗಳಲ್ಲಿ ಬರೆದಿಡಿ.

ಇನ್ನು ಜನ ಎಡವುವ ಜಾಗ. ಫೈಲು ಹೋಗುವ ದಾರಿಯಲ್ಲಿ ಕೀಲಿ ಹೋಗಕೂಡದು. ಮಂಡಿಯವರು ಕಾಗದಪತ್ರಕ್ಕೆ ಸಹಿ ಹಾಕಲು ವರ್ಷಕ್ಕೊಮ್ಮೆಯಾದರೂ ತುಮಕೂರಿಗೆ ಬಂದೇ ಬರುತ್ತಾರೆ. ಆಗಲೇ ಕೀಲಿಯನ್ನು ಎರಡು ಚೀಟಿಗಳಲ್ಲಿ ಬರೆದು, ಒಂದನ್ನು ಅವರ ಕೈಗಿತ್ತು, ಇನ್ನೊಂದನ್ನು ಕಚೇರಿಯ ಬೀರುವಿನಲ್ಲಿಡುವುದಕ್ಕಿಂತ ಉತ್ತಮ ವಿಧಾನವಿಲ್ಲ. ಅವರು ಹೊರಡುವ ಮೊದಲು, ಏನೂ ಬೆಲೆಯಿಲ್ಲದ ಫೈಲೊಂದನ್ನು ಅದೇ ಕೀಲಿಯಿಂದ ಅವರ ಕೈಯಲ್ಲೇ ತೆರೆಸಿ ನೋಡಿ.

ಭೇಟಿ ಸಾಧ್ಯವಿಲ್ಲದಿದ್ದರೆ ಫೋನ್ ಮಾಡಿ ಓದಿ ಹೇಳಿ, ಆದರೆ ಮೇಲ್‌ನಲ್ಲಿ ಬಂದ ಸಂಖ್ಯೆಗಲ್ಲ, ಮೊದಲಿನಿಂದ ನಿಮ್ಮ ಬಳಿಯಿರುವ ಸಂಖ್ಯೆಗೆ. ಎಸ್‌ಎಂಎಸ್ ಬೇಡ. ವಾಟ್ಸ್‌ಆ್ಯಪ್ ಅಡ್ಡಿಯಿಲ್ಲ, ಫೈಲು ಮೇಲ್‌ನಲ್ಲಿ ಹೋಗಿದ್ದರೆ ಮಾತ್ರ. ಅಲ್ಲಿಯೂ ಇಬ್ಬರ ನಡುವಿನ 60 ಅಂಕಿಗಳ ಭದ್ರತಾ ಸಂಖ್ಯೆಯನ್ನು ಒಮ್ಮೆ ತಾಳೆ ನೋಡಿ, ಅವರು ಓದಿಕೊಂಡ ಮೇಲೆ ಸಂದೇಶವನ್ನು ಎರಡೂ ಕಡೆ ಅಳಿಸಬೇಕು. ಭೇಟಿಯಿಲ್ಲದೆಯೇ ಇಬ್ಬರು ಒಂದು ಗುಟ್ಟನ್ನು ಹುಟ್ಟಿಸಿಕೊಳ್ಳಬಹುದೆಂದು ಗೂಢಲಿಪಿ ತಜ್ಞರಾದ ಡಿಫಿ ಮತ್ತು ಹೆಲ್ಮನ್ 1976ರಲ್ಲಿ ತೋರಿಸಿಕೊಟ್ಟಿದ್ದು ನಿಜ. ಆದರೆ ಆಚೆ ಬದಿಯಲ್ಲಿರುವವರು ನಿಮ್ಮವರೇ ಎಂಬ ಖಾತ್ರಿಯನ್ನು ಆ ಗಣಿತವೊಂದೇ ಕೊಡುವುದಿಲ್ಲ. ತಾಳೆ ನೋಡಬೇಕಾಗಿರುವುದು ಅದಕ್ಕಾಗಿಯೇ.

ಎಲ್ಲ ಗ್ರಾಹಕರಿಗೂ ಒಂದೇ ಪಾಸ್‌ವರ್ಡ್ ಕೊಡುವ ಕಚೇರಿಗಳಿವೆ. ಅಲ್ಲಿ ಒಬ್ಬರ ಚೀಟಿ ಕಳೆದರೆ ಎಲ್ಲರ ಲೆಕ್ಕವೂ ಬಯಲಾಗುತ್ತದೆ. ಗ್ರಾಹಕರಿಗೊಂದು ಕೀಲಿ ಇರಲಿ. 20 ಗ್ರಾಹಕರಿಗೆ 20 ಕೀಲಿ ಹೆಚ್ಚೇನಲ್ಲ. ಅದೇ 20 ಜನ ತಮ್ಮತಮ್ಮಲ್ಲೇ ಜೋಡಿಜೋಡಿಯಾಗಿ ಗುಟ್ಟಿನ ವ್ಯವಹಾರ ನಡೆಸಬೇಕಾದರೆ 190 ಕೀಲಿ ಬೇಕಾಗುತ್ತವೆ. ದೊಡ್ಡ ಜಾಲಗಳಲ್ಲಿ ಕೀಲಿ ಹಂಚಲೆಂದೇ ನಂಬಿಕೆಯ ಸರ್ವರ್ ಒಂದನ್ನು ನಡುವೆ ಇಡುವುದು ಇದಕ್ಕಾಗಿ.

ಕೆಲಸ ಬಿಟ್ಟುಹೋದ ಗುಮಾಸ್ತರ ಕೈಯಲ್ಲಿ ಓಡಾಡಿದ ಕೀಲಿಗಳನ್ನು ಅಂದೇ ಬದಲಿಸಿ. ಉಳಿದವನ್ನು ಪ್ರತಿ ಏಪ್ರಿಲ್‌ನಲ್ಲಿ ಬದಲಿಸಿದರೆ ಸಾಕು. ಹಳೆಯ ಚೀಟಿಯನ್ನು ಮಾತ್ರ ಹರಿದು ಹಾಕಬೇಡಿ; ಹೋದ ವರ್ಷದ ಫೈಲು ಹೋದ ವರ್ಷದ ಕೀಲಿಗೇ ತೆರೆಯುವುದರಿಂದ, ಚೀಟಿಯ ಮೇಲೆ ಆರ್ಥಿಕ ವರ್ಷವನ್ನು ನಮೂದಿಸಿ ಆ ಲೆಕ್ಕವನ್ನು ಉಳಿಸಿಕೊಳ್ಳಬೇಕಾದಷ್ಟು ಕಾಲ ಬೀರುವಿನಲ್ಲೇ ಇಡಿ.