ಆಯಿಲ್ ಇಲ್ಲದೆ ಓಡಿದ ಬೈಕ್ ಎಂಜಿನ್: ಹಾನಿಯನ್ನು ಗುರುತಿಸಿ ಸರಿಪಡಿಸುವ ಬಗೆ

ನೂರು, ನೂರಿಪ್ಪತ್ತೈದು ಸಿಸಿಯ ಗಾಳಿತಂಪಿನ ಬೈಕಿಗೆ ಮನೆಯಂಗಳದಲ್ಲೇ ಆಯಿಲ್ ಬದಲಿಸುವುದು ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯಲ್ಲಿ ನಾನು ಮಾಡಿದ ತಪ್ಪು ಇಷ್ಟೇ: ಡ್ರೈನ್ ಬೋಲ್ಟಿನ ವಾಷರ್ ಹಳೆಯ ಆಯಿಲ್ ಹಿಡಿದ ಬೋಗುಣಿಯ ತಳದಲ್ಲೇ ಉಳಿಯಿತು, ಬೋಲ್ಟನ್ನು ಕೈಯಲ್ಲಿ ತಿರುಗಿಸಿದವನು ಸ್ಪ್ಯಾನರ್ ಹಾಕಲು ಮರೆತೆ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಆಯಿಲ್ ಸೋರಿಹೋಗಿ, ಎಂಜಿನ್ ಯಾರೋ ಒಳಗಿನಿಂದ ಹಿಡಿದೆಳೆದಂತೆ ನಿಂತಿತು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದಾಗ ತಿರುಗಿದ್ದರಿಂದ, ಬೋಲ್ಟ್ ಬಿಗಿದು, ಪಕ್ಕದ ಬಂಕಿನಲ್ಲಿ ಆಯಿಲ್ ಕೊಂಡು ಸುರಿದು ಮನೆಗೆ ಓಡಿಸಿಕೊಂಡು ಬಂದೆ. ಪಿಸ್ಟನ್ ಓಡಾಡುವ ಸಿಲಿಂಡರ್ ಬ್ಲಾಕ್ ಬಿಚ್ಚಿದ ಮೇಲೆ ತಿಳಿಯಿತು, ಮೊದಲ ನಾಲ್ಕು ಕಿಲೋಮೀಟರಿಗಿಂತ ಮರಳಿ ಬಂದ ನಾಲ್ಕು ಕಿಲೋಮೀಟರ್ ಹೆಚ್ಚು ಕೆಡಿಸಿತ್ತು. ಉದುರಿದ ಲೋಹದ ಪುಡಿಯನ್ನು ಹೊಸ ಆಯಿಲೇ ಎಂಜಿನ್ನಿನ ಮೂಲೆಮೂಲೆಗೆ ಹೊತ್ತೊಯ್ದಿತ್ತು.

ಆದ್ದರಿಂದ ಇಂಥ ಎಂಜಿನ್ನನ್ನು ಪರೀಕ್ಷೆಗೆಂದು ಸ್ಟಾರ್ಟ್ ಮಾಡಲೇಬಾರದು. ಗಾಡಿಯನ್ನು ತಳ್ಳಿಕೊಂಡೋ ಸರಕು ಆಟೋದಲ್ಲಿ ಹಾಕಿಕೊಂಡೋ ಮನೆಗೆ ತನ್ನಿ. ಹಿಂದಿನ ಟೈರಿಗೆ ಆಯಿಲ್ ಸಿಡಿದಿದ್ದರೆ ಮೊದಲು ಅದನ್ನು ಸೋಪಿನ ನೀರಿನಿಂದ ತೊಳೆಯಿರಿ.

ತಪಾಸಣೆ ಆರಂಭವಾಗಬೇಕಾದದ್ದು ಒಳಗೆ ಉಳಿದಿರುವ ಆಯಿಲಿನಿಂದ. ಅದನ್ನು ಬಿಳಿ ಹತ್ತಿಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿಯಿರಿ. ಬೆಳ್ಳಿಯ ಬಣ್ಣದ ಮಿನುಗು ಕಂಡು, ಅದು ಅಯಸ್ಕಾಂತಕ್ಕೆ ಅಂಟದಿದ್ದರೆ, ಬಹುಪಾಲು ಪಿಸ್ಟನ್ನಿನ ಇಲ್ಲವೇ ಬ್ಲಾಕಿನ ಮೇಲೆ ಕೂರುವ ಹೆಡ್ಡಿನ ಅಲ್ಯೂಮಿನಿಯಂ. ಅಯಸ್ಕಾಂತಕ್ಕೆ ಅಂಟುವ ಚಕ್ಕೆಗಳಿದ್ದರೆ ವಾಲ್ವುಗಳನ್ನು ತೆರೆಯುವ ಕ್ಯಾಮ್, ರಾಕರ್ ಅಥವಾ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ನಂತರ ಸ್ಪಾರ್ಕ್ ಪ್ಲಗ್ ತೆಗೆದು, ಕೀ ಆಫ್ ಇರುವಾಗಲೇ ಕಿಕ್ಕರನ್ನು ಕೈಯಿಂದ ಒತ್ತಿ ನೋಡಿ. ಕದಲದಿದ್ದರೆ ಪ್ಲಗ್ಗಿನ ತೂತಿನಿಂದ ಎರಡು ಚಮಚ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೆಯೇ ಇಡಿ. ಕಿಕ್ಕರಿನ ಮೇಲೆ ನಿಂತು ಜಿಗಿಯುವ ಅಭ್ಯಾಸ ಕೆಲವರಿಗಿದೆ, ಅದರಿಂದ ಕೆಡುವುದೇ ಹೆಚ್ಚು.

ಸಲೀಸಾಗಿ ತಿರುಗಿದರೆ ಪ್ಲಗ್ಗಿನ ತೂತಿಗೆ ಕಂಪ್ರೆಷನ್ ಗೇಜ್ (ಒಳಗಿನ ಒತ್ತಡ ಅಳೆಯುವ ಸಾಧನ) ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಐದಾರು ಸಲ ಕಿಕ್ ಮಾಡಿ ಅಳತೆಯನ್ನು ಗುರುತು ಹಾಕಿಕೊಳ್ಳಿ. ಬಳಿಕ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಎರಡನೆಯ ಸಲ ಅಳತೆ ಚೆನ್ನಾಗಿ ಏರಿದರೆ ದೋಷ ಪಿಸ್ಟನ್ನಿನ ರಿಂಗು ಮತ್ತು ಬೋರಿನಲ್ಲಿದೆ (ಬೋರ್ ಎಂದರೆ ಬ್ಲಾಕಿನೊಳಗೆ ಪಿಸ್ಟನ್ ಓಡಾಡುವ ಕೊಳವೆ). ಕಡಿಮೆಯಾಗಿಯೇ ಉಳಿದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ಟನ್ನು ಶಂಕಿಸಬೇಕು. ಆದರೆ ಆಯಿಲ್ ಇಲ್ಲದೆ ನಿಂತ ಎಂಜಿನ್ನಿನಲ್ಲಿ ಅಳತೆ ಸರಿಯಾಗಿಯೇ ಬಂದರೂ ಹೆಡ್ಡಿನ ಟ್ಯಾಪೆಟ್ ಮುಚ್ಚಳಗಳನ್ನು ಬಿಚ್ಚಿ, ಟಾರ್ಚ್ ಹಿಡಿದು ಕ್ಯಾಮನ್ನು ನೋಡದೆ ಬಿಡಬಾರದು. ಪಂಪಿನಿಂದ ದೂರದಲ್ಲಿರುವ ಕ್ಯಾಮ್ ಮತ್ತು ರಾಕರುಗಳಿಗೆ ಆಯಿಲಿನ ಕೊರತೆ ಬೇಗ ತಟ್ಟುತ್ತದೆ. ಕನ್ನಡಿಯಂತೆ ನುಣುಪಾಗಿರಬೇಕಾದ ಮೈ ಅರದ ಹಾಗೆ ತರಿತರಿಯಾಗಿದ್ದರೆ ಕ್ಯಾಮನ್ನೂ ರಾಕರನ್ನೂ ಒಟ್ಟಿಗೇ ಬದಲಿಸಬೇಕು.

ಹೆಡ್ ತೆಗೆಯುವ ಮೊದಲು ಮ್ಯಾಗ್ನೆಟ್ (ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಚಕ್ರ) ಮೇಲಿನ ‘ಟಿ’ ಗುರುತನ್ನು ಕೇಸಿನ ಗುರುತಿಗೆ ಹೊಂದಿಸಿ, ಕ್ಯಾಮ್ ಸ್ಪ್ರಾಕೆಟ್ ಆಗ ನಿಂತಿರುವ ರೀತಿಯನ್ನು ಫೋಟೊ ತೆಗೆದುಕೊಂಡು, ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನು ಒಳಗೆ ಬೀಳದಂತೆ ತಂತಿಯಿಂದ ಕಟ್ಟಿಡಿ. ಬ್ಲಾಕನ್ನು ಮೇಲೆತ್ತಿದೊಡನೆ ಕೆಳಗಿನ ತೆರೆದ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ. ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಸಣ್ಣ ಬಳೆ, ಅಂದರೆ ಸರ್ಕ್ಲಿಪ್, ಅದರೊಳಗೆ ಹಾರಿ ಬಿದ್ದರೆ ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ.

ಬೋರಿನ ಗೋಡೆಯ ಮೇಲೆ ಕಾಣುವ ಗೆರೆಗಳನ್ನು ಕಣ್ಣಿನಿಂದ ಅಳೆಯಬೇಡಿ, ಉಗುರನ್ನು ಅಡ್ಡಡ್ಡ ಎಳೆದು ನೋಡಿ. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಹಿಗ್ಗುವುದರಿಂದ, ಆಯಿಲಿನ ಪದರವಿಲ್ಲದೆ ಕಾದ ಪಿಸ್ಟನ್ ಬೋರಿಗೆ ಕಚ್ಚಿಕೊಂಡು ತನ್ನ ಮೈಯನ್ನೇ ಅಲ್ಲಿ ಬಳಿದು ಬಂದಿರುತ್ತದೆ. ಉಗುರಿಗೆ ಉಬ್ಬಾಗಿ ಸಿಕ್ಕಿದ ಗೆರೆ ಹೀಗೆ ಬಳಿದ ಅಲ್ಯೂಮಿನಿಯಂ. ಅದರ ಕೆಳಗಿನ ಗೋಡೆ ಕೆಡದೆ ಉಳಿದಿದ್ದರೆ, ಹೋನಿಂಗ್ (ಗೋಡೆಯನ್ನು ನವಿರಾಗಿ ಉಜ್ಜುವುದು) ಮಾಡಿಸಿದ ಮೇಲೂ ಬೋರಿನ ಅಳತೆ ಮಿತಿಯೊಳಗಿದ್ದರೆ, ಅದೇ ಅಳತೆಯ ಹೊಸ ಪಿಸ್ಟನ್, ರಿಂಗುಗಳು ಸಾಕಾಗಬಹುದು. ಉಗುರು ತಗ್ಗಿಗೆ ಇಳಿದು ನಿಂತರೆ ಗೋಡೆಗೇ ಪೆಟ್ಟಾಗಿದೆ. ಆಗ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ (ಅಷ್ಟು ದಪ್ಪವಾದ) ಪಿಸ್ಟನ್ ಹಾಕಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಮೊದಲು ಪಿಸ್ಟನ್ ಕೊಂಡು, ಅದನ್ನು ಲೇತಿನವರ ಕೈಗೆ ಕೊಟ್ಟು, ಅದರ ಅಳತೆಗೇ ಕೊರೆಯಿರೆಂದು ಹೇಳುವುದು ಸರಿಯಾದ ಕ್ರಮ. ನಿಕಲ್ ಲೇಪವಿರುವ ಬೋರನ್ನು ಹೀಗೆ ಕೊರೆಯಲಾಗದು, ಸಾಮಾನ್ಯವಾಗಿ ಬ್ಲಾಕನ್ನೇ ಬದಲಿಸಬೇಕು.

ಬ್ಲಾಕ್ ಹೊರಗಿರುವಾಗಲೇ ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಅಡ್ಡಲಾಗಿ ತುಸು ಆಡುವುದು ಸಹಜ. ಮೇಲೆ ಕೆಳಗೆ ಕೊಂಚವೇ ಟಕ್ಕೆಂದರೂ ರಾಡಿನ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಹೋಗಿದೆ. ಕ್ರ್ಯಾಂಕ್ ಹೊರತೆಗೆದು ಪ್ರೆಸ್‌ನಲ್ಲಿ ಬಿಡಿಸುವ ಆ ಕೆಲಸ ಮನೆಯದಲ್ಲ, ಗ್ಯಾರೇಜಿಗೆ ಒಪ್ಪಿಸಿ.

ನನ್ನ ಅನುಭವದಲ್ಲಿ ಎಲ್ಲರೂ ಬಿಟ್ಟುಬಿಡುವ ಕೆಲಸ ಬಲಗಡೆಯ ಕ್ಲಚ್ ಕವರಿನೊಳಗಿದೆ. ಅನೇಕ ಸಣ್ಣ ಬೈಕುಗಳಲ್ಲಿ ಆಯಿಲಿನ ಜಾಲರಿಯೂ, ತಿರುಗುವ ವೇಗಕ್ಕೆ ಕಸವನ್ನು ಅಂಚಿಗೆ ಎಸೆದು ಹಿಡಿದಿಡುವ ಬಟ್ಟಲಿನಂಥ ಫಿಲ್ಟರೂ ಅಲ್ಲಿರುತ್ತವೆ. ನನ್ನ ಗಾಡಿಯ ಆ ಬಟ್ಟಲಿನಲ್ಲಿ ಸಿಕ್ಕಿದ್ದು ವಿಭೂತಿಯ ಬಣ್ಣದ, ಬೆರಳಿಗೆ ಮರಳಿನಂತೆ ತಾಗುವ ಮಣ್ಣು. ಎರಡನ್ನೂ ಸೀಮೆಎಣ್ಣೆಯಲ್ಲಿ ತೊಳೆಯದೆ, ಪಂಪನ್ನು ಬಿಚ್ಚಿ ನೋಡದೆ, ಆಯಿಲಿನ ದಾರಿಗಳಿಗೆ ಗಾಳಿ ಊದಿಸದೆ ಹೊಸ ಪಿಸ್ಟನ್ ಹಾಕಿದರೆ ಆ ಹಣ ವ್ಯರ್ಥ.

ಜೋಡಿಸುವಾಗ ಪ್ರತಿ ರಿಂಗನ್ನೂ ಬೋರಿನೊಳಗೆ ನೇರವಾಗಿ ಇಳಿಸಿ ಅದರ ಬಾಯಿಯ ಸಂದನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳು) ಅಳೆಯಿರಿ. ಅಕ್ಷರವಿರುವ ಬದಿ ಮೇಲಕ್ಕೆ ಬರಲಿ, ಮೂರರ ಬಾಯಿಗಳೂ ಒಂದೇ ಸಾಲಿಗೆ ಬಾರದಿರಲಿ. ಗ್ಯಾಸ್ಕೆಟ್, ಸರ್ಕ್ಲಿಪ್ ಹೊಸವೇ ಆಗಬೇಕು. ಟೈಮಿಂಗ್ ಹೊಂದಿಸಿದ ಮೇಲೆ ಮ್ಯಾಗ್ನೆಟ್ ನಟ್ಟಿಗೆ ಸ್ಪ್ಯಾನರ್ ಹಾಕಿ ಎರಡು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಬೇಡಿ: ಚೈನು ಒಂದು ಹಲ್ಲು ತಪ್ಪಿದ್ದರೂ ವಾಲ್ವ್ ಪಿಸ್ಟನ್ನಿಗೆ ತಾಗಿ ಬಾಗಬಹುದು. ಟ್ಯಾಪೆಟ್ ಸಂದನ್ನು (ರಾಕರಿಗೂ ವಾಲ್ವಿಗೂ ನಡುವಿನದು) ಎಂಜಿನ್ ತಣ್ಣಗಿರುವಾಗ, ನಿಮ್ಮ ಬೈಕಿನ ಮ್ಯಾನುಯಲ್ ಹೇಳುವ ಅಳತೆಗೆ ಇಡಿ. ಕಾರಿನ ಆಯಿಲ್ ಬೇಡ. ಇಂಥ ಬೈಕುಗಳಲ್ಲಿ ಕ್ಲಚ್ಚೂ ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ ಅದಕ್ಕೆ ಹೊಂದುವ ಆಯಿಲಿನ ಗುರುತಾದ ‘ಜಾಸೊ ಎಂಎ’ (JASO MA) ಎಂದು ಬರೆದಿರುವುದನ್ನೇ ಕೊಳ್ಳಿ.

ಸ್ಟಾರ್ಟ್ ಮಾಡುವ ಮೊದಲು ಕ್ಯಾಮಿನ ಮೇಲೆ ನೇರವಾಗಿ ಆಯಿಲ್ ಸುರಿದು, ಕೀ ಆಫ್ ಇಟ್ಟು ಇಪ್ಪತ್ತು ಸಲ ಕಿಕ್ ಮಾಡಿ. ಸ್ಟಾರ್ಟ್ ಆದೊಡನೆ ಐಡಲಿನಲ್ಲೇ ಇಟ್ಟು, ಮೇಲಿನ ಟ್ಯಾಪೆಟ್ ಮುಚ್ಚಳವನ್ನು ಸ್ವಲ್ಪ ಸಡಿಲಿಸಿ ನೋಡಿ. ಒಂದು ನಿಮಿಷದೊಳಗೆ ಅಲ್ಲಿ ಆಯಿಲ್ ಜಿನುಗದಿದ್ದರೆ ಕೂಡಲೇ ನಿಲ್ಲಿಸಿ ಪಂಪಿಗೆ ಮರಳಿ. ಜಿನುಗಿದರೆ ಮುಂದಿನ ಐನೂರು ಕಿಲೋಮೀಟರ್ ಎಂಜಿನ್ನನ್ನು ಜೋರಾಗಿ ಎಳೆಯದೆ ಓಡಿಸಿ. ಮುನ್ನೂರು ಕಿಲೋಮೀಟರ್ ಆದಾಗ ಒಂದು ಸಲ ಆಯಿಲ್ ಬದಲಿಸಿ, ಅದನ್ನೂ ಬಟ್ಟೆಯಲ್ಲಿ ಸೋಸಿ ನೋಡಿ. ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್ ಹಾಕಿ, ಅಲ್ಯೂಮಿನಿಯಂ ಕೇಸಿನ ಮರೆ (ಬೋಲ್ಟ್ ಹಿಡಿಯುವ ತಿರುಪು) ಕಿತ್ತುಹೋಗದಷ್ಟೇ ಬಿಗಿದು, ಬೋಲ್ಟಿನಿಂದ ಕೇಸಿನವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದುಬಿಡಿ. ನಾನು ಈಗ ಗಾಡಿ ತೆಗೆಯುವ ಮೊದಲು ಬಗ್ಗಿ ನೋಡುವುದು ಆ ಗೆರೆಯನ್ನು.