ಈಡು ಹಾರದ ಕೋವಿಗೆ ಹೊಸ ಸ್ಪ್ರಿಂಗ್ ಬೇಡ, ಮೊದಲು ಚೇಂಬರ್ ತಿಕ್ಕಿ

ನಮ್ಮ ಕಡೆ ತೋಟದ ಮನೆಗಳಲ್ಲಿರುವ ಕೋವಿಗಳು ಹಾಳಾಗುವುದು ಈಡು ಹೊಡೆದಲ್ಲ, ಸುಮ್ನೆ ಇಟ್ಟು. ಮೂಡಿಗೆರೆ, ಕೊಪ್ಪ, ಸಕಲೇಶಪುರದಲ್ಲಿ ಜೂನ್ ಬಂದರೆ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ಅಂಥ ಹವೆಯಲ್ಲಿ ನಾಲ್ಕು ತಿಂಗಳು ಬೀರುವಿನ ಮೂಲೆಯಲ್ಲಿ ನಿಂತ ಕಬ್ಬಿಣ ಏನಾಗಬೇಕು ಹೇಳಿ. ಮಳೆ ಮುಗಿದು ಗದ್ದೆಗೆ ಹಂದಿ ಇಳಿಯುವ ಹೊತ್ತಿಗೆ ಕೋವಿ ಹೊರಗೆ ಬರುತ್ತದೆ, ಆಗ ಎರಡೇ ದೂರು ಕೇಳುವುದು. ಒಂದು, ‘ಟಿಕ್ ಅಂತು, ಈಡು ಹಾರಲಿಲ್ಲ.’ ಇನ್ನೊಂದು, ‘ಹಾರಿತು, ಆದರೆ ಖಾಲಿ ತೋಟೆ ಸಿಕ್ಕಿಕೊಂಡಿತು, ಮುಂದಿನಿಂದ ಕೋಲು ಹಾಕಿ ಕುಟ್ಟಬೇಕಾಯಿತು.’

ಇಷ್ಟಾದ ಕೂಡಲೇ ಜನ ಮಾಡುವ ಕೆಲಸ ಅಂದರೆ ಬಿಡಿಭಾಗ ಹುಡುಕುವುದು. ಇಂಪೋರ್ಟೆಡ್ ಸ್ಪ್ರಿಂಗ್ ಸಿಗುತ್ತಾ, ಹೊಸ ಪಿನ್ (ತೋಟೆಯ ಹಿಂಭಾಗಕ್ಕೆ ಬಡಿದು ಈಡು ಹಾರಿಸುವ ಮೊಳೆ) ಎಷ್ಟು ಅಂತ ಫೋನ್ ಮೇಲೆ ಫೋನ್. ನಾನು ನೋಡಿದ ಹೆಚ್ಚಿನ ಕೋವಿಗಳಲ್ಲಿ ಸ್ಪ್ರಿಂಗ್ ಸರಿಯಾಗಿಯೇ ಇತ್ತು. ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂದೆ ತೋಟೆ ಕೂರುವ ಜಾಗದಲ್ಲಿ, ಮಸಿ ಕಟ್ಟಿತ್ತು, ಒಳಗೆ ಎಣ್ಣೆ ಹೆಪ್ಪುಗಟ್ಟಿತ್ತು, ಅಷ್ಟೇ.

ಇಲ್ಲಿ ಹೇಳುವುದು ನಮ್ಮಲ್ಲಿ ಸಾಮಾನ್ಯವಾಗಿರುವ 12 ಬೋರಿನ ಜೋಡಿ ನಳಿಗೆ ಕೋವಿಯ ವಿಷಯ. ಗ್ಯಾಸಿನ ಒತ್ತಡದಲ್ಲಿ ತಾನೇ ತೋಟೆ ಬದಲಿಸಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ಕೋವಿಗಳ ಕಥೆ ಬೇರೆ. ಅದರಲ್ಲಿ ಮದ್ದಿನ ಗ್ಯಾಸ್ ಸ್ವಲ್ಪ ನಳಿಗೆಯ ಸಣ್ಣ ತೂತಿನಿಂದ ಇಳಿದು ಪಿಸ್ಟನ್ ದೂಡಬೇಕು. ಆ ತೂತಿಗೆ ಮಸಿ ಕಟ್ಟಿದರೆ ಖಾಲಿ ತೋಟೆ ಹೊರಗೆ ಬೀಳುವುದಿಲ್ಲ. ರೆಮಿಂಗ್ಟನ್ 1100 ಥರದ ಕೋವಿಯಲ್ಲಂತೂ ಒಂದು ರಬ್ಬರ್ ಉಂಗುರ ಹರಿದರೂ ಸಾಕು, ಕೆಲಸ ಕೆಡುತ್ತದೆ. ಅಲ್ಲಿ ಒಳ್ಳೆಯ ಉಂಗುರ, ಹೊಸ ಸ್ಪ್ರಿಂಗ್ ಹಾಕಿಸುವುದಕ್ಕೆ ಅರ್ಥವಿದೆ. ಆದರೆ ಅಲ್ಲೂ ಮೊದಲ ಪರಿಹಾರ ತಿಕ್ಕಿ ತೊಳೆಯುವುದೇ.

ಸರಿ, ಕೆಲಸಕ್ಕೆ ಬರೋಣ.

ಮೊದಲು ಕೋವಿ ಮುರಿದು, ಅಂದರೆ ನಡುವೆ ಬಗ್ಗಿಸಿ ತೆರೆದು, ಎರಡೂ ನಳಿಗೆ ಖಾಲಿ ಇದೆಯಾ ನೋಡಿ. ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ. ತೋಟೆಗಳ ಡಬ್ಬ ಬೇರೆ ಕೋಣೆಯಲ್ಲಿರಲಿ. ಆಮೇಲೆ ನಳಿಗೆ ಬಿಚ್ಚಿ ಬೆಳಕಿಗೆ ಹಿಡಿಯಿರಿ. ನಮ್ಮ ಕಡೆ ಕಣಜದ ಹುಳ ಕಂಡ ತೂತಲ್ಲೆಲ್ಲ ಮಣ್ಣು ತುಂಬಿ ಗೂಡು ಕಟ್ಟುತ್ತದೆ, ಕೋವಿ ನಳಿಗೆಯೂ ಅದಕ್ಕೆ ಒಂದು ತೂತೇ. ಅದನ್ನು ನೋಡದೆ ಈಡು ಹೊಡೆದರೆ ನಳಿಗೆ ಸೀಳಿ ಎಡಗೈ ಹೋಗುತ್ತದೆ. ಮನೆಯಲ್ಲಿ 20 ಬೋರಿನ ಕೋವಿಯೂ ಇದ್ದರೆ ಇನ್ನೂ ಜಾಗ್ರತೆ. ಆ ಸಣ್ಣ ತೋಟೆ 12 ಬೋರಿನೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ, ಹಿಂದೆ ಇನ್ನೊಂದು ತೋಟೆ ಹಾಕಿದರೂ ಗೊತ್ತಾಗುವುದಿಲ್ಲ. 20 ಬೋರಿನ ತೋಟೆಗೆ ಹಳದಿ ಬಣ್ಣ ಕೊಡುವುದು ಈ ಕಾರಣಕ್ಕೇ.

ನಳಿಗೆ ಒರೆಸುವುದು ಎಲ್ಲರಿಗೂ ಗೊತ್ತು. ಗಜದ (ನಳಿಗೆ ಒರೆಸುವ ಉದ್ದ ಕೋಲು) ತುದಿಗೆ ಬಟ್ಟೆ, ಹಿಂದಿನಿಂದ ಮುಂದಕ್ಕೆ, ಬಟ್ಟೆ ಬೆಳ್ಳಗೆ ಬರುವವರೆಗೆ. ಬ್ರಷ್ ಹಾಕಿದರೆ ಪೂರ್ತಿ ಆಚೆ ದಾಟಿಸಿ ಆಮೇಲೆ ಹಿಂದಕ್ಕೆ ಎಳೆಯಿರಿ, ನಡುವೆಯೇ ದಿಕ್ಕು ಬದಲಿಸಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ.

ಈಗ ಚೇಂಬರ್. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ತೋಟೆ ಕೂರುವ ಜಾಗ ನಳಿಗೆಯಷ್ಟೇ ಅಗಲ ಇರುವುದಿಲ್ಲ. 12 ಬೋರಿನ ನಳಿಗೆಯ ಒಳ ಅಗಲ ಸುಮಾರು 18.5 ಮಿ.ಮೀ. ಚೇಂಬರ್ ಅದಕ್ಕಿಂತ ಹತ್ತಿರ ಹತ್ತಿರ 2 ಮಿ.ಮೀ. ದೊಡ್ಡದು. ಹಾಗಾಗಿ ನಳಿಗೆಗೆ ಬಿಗಿಯಾಗಿ ಕೂರುವ ಬ್ರಷ್ ಚೇಂಬರಿನಲ್ಲಿ ಗೋಡೆಗೆ ಸರಿಯಾಗಿ ತಾಗುವುದೇ ಇಲ್ಲ, ಸುಮ್ನೆ ಓಡಾಡುತ್ತದೆ. ನಳಿಗೆ ಕನ್ನಡಿಯಂತೆ ಹೊಳೆಯುತ್ತಿರುತ್ತದೆ, ಚೇಂಬರಿನಲ್ಲಿ ಮಾತ್ರ ಹೋದ ವರ್ಷದ ಮಸಿ ಹಾಗೇ. ಮನೆಯವರು ‘ಕ್ಲೀನ್ ಮಾಡಿದ್ದೀನಲ್ಲ’ ಅನ್ನುತ್ತಾರೆ, ಅವರ ಮಾತೂ ಸುಳ್ಳಲ್ಲ.

ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂಭಾಗದಿಂದ ಓರೆಯಾಗಿ ನೋಡಿ. ತೋಟೆಯ ಬಾಯಿ ಮುಗಿಯುವ ಕಡೆ ಒಂದು ಕಪ್ಪು ಉಂಗುರ ಕಾಣುತ್ತದೆ. ಅದು ಪ್ಲಾಸ್ಟಿಕ್ ಮತ್ತು ಮಸಿ ಸೇರಿ ಗಟ್ಟಿಯಾದದ್ದು. 70 ಮಿ.ಮೀ. ಚೇಂಬರಿನಲ್ಲಿ 65 ಮಿ.ಮೀ. ತೋಟೆ ಹೊಡೆಯುತ್ತಾ ಬಂದಿದ್ದರೆ ಆ ಉಂಗುರ ಇನ್ನೂ ಹಿಂದೆ ಕಟ್ಟುತ್ತದೆ, ಒಂದು ದಿನ ಉದ್ದದ ತೋಟೆ ಹಾಕಿದಾಗ ಅದು ಅಲ್ಲಿಗೆ ಬಂದು ಕಚ್ಚುತ್ತದೆ. ಉಲ್ಟಾ ಮಾಡಬೇಡಿ ಮತ್ತೆ. ಅಜ್ಜನ ಕಾಲದ 65 ಮಿ.ಮೀ. ಚೇಂಬರಿಗೆ 70ರ ತೋಟೆ ಸಲೀಸಾಗಿ ಕೂರುತ್ತದೆ, ಏಕೆಂದರೆ ಆ ಅಳತೆ ಈಡು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನದ್ದು. ಕೂತಿತು ಅಂತ ಹೊಡೆದರೆ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಚೇಂಬರಿನ ಅಳತೆ ಸಾಮಾನ್ಯವಾಗಿ ನಳಿಗೆಯ ಅಡಿಯಲ್ಲಿ, ಬಿಚ್ಚಿದಾಗ ಕಾಣುವ ಜಾಗದಲ್ಲಿ ಕೊರೆದಿರುತ್ತಾರೆ. ಓದಲು ಬರದಷ್ಟು ಸವೆದಿದ್ದರೆ ಗನ್‌ಸ್ಮಿತ್ ಹತ್ತಿರ ಅಳೆಸಿ.

ಚೇಂಬರಿಗೆ ಬೇಕಾದ್ದು ಚೇಂಬರ್ ಬ್ರಷ್, ಫಾಸ್ಫರ್ ಬ್ರಾಂಜಿನದ್ದು. ನಿಮ್ಮ ಕೋವಿಗೆ ಹೊರಗಿನಿಂದ ಒಂದೇ ಒಂದು ವಸ್ತು ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಸಿಗದಿದ್ದರೆ 10 ಬೋರಿನ ಬ್ರಷ್ ಆಗುತ್ತದೆ, ಬೋರಿನ ನಂಬರ್ ಕಡಿಮೆಯಾದಷ್ಟೂ ಅಗಲ ಜಾಸ್ತಿ. ಅದೂ ಸಿಗದಿದ್ದರೆ ಹಳೆಯ 12 ಬೋರ್ ಬ್ರಷ್‌ಗೆ ಒಂದು ಪಟ್ಟಿ ಹತ್ತಿ ಬಟ್ಟೆ ಸುತ್ತಿ ದಪ್ಪ ಮಾಡಿ. ಗನ್ ಸಾಲ್ವೆಂಟ್ ಹಚ್ಚಿ ಕಾಲು ಗಂಟೆ ಬಿಡಿ, ಕಾಫಿ ಕುಡಿದು ಬನ್ನಿ. ಹಚ್ಚಿದ ತಕ್ಷಣ ತಿಕ್ಕಿದರೆ ಪ್ಲಾಸ್ಟಿಕ್ ಬಿಡುವುದಿಲ್ಲ. ಸೀಮೆಎಣ್ಣೆ ಮಸಿಗೆ ಪರವಾಗಿಲ್ಲ, ಪ್ಲಾಸ್ಟಿಕ್‌ಗೆ ಅಷ್ಟಕ್ಕಷ್ಟೆ. ನಳಿಗೆಯಲ್ಲಿ ಬ್ರಷ್ ನೇರ ಹೋಗಬೇಕು ಅಂದೆನಲ್ಲ, ಚೇಂಬರಿನಲ್ಲಿ ಮಾತ್ರ ತಿರುಗಿಸಬೇಕು. ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಿ, ಇಲ್ಲದಿದ್ದರೆ ಬ್ರಷ್ ಗಜದಿಂದ ಬಿಚ್ಚಿಕೊಂಡು ಒಳಗೇ ಉಳಿಯುತ್ತದೆ. ಒರೆಸಿ, ನೋಡಿ, ಮತ್ತೆ ಹಚ್ಚಿ. ಕಪ್ಪು ಉಂಗುರ ಹೋಗುವವರೆಗೆ ಇದೇ ಕೆಲಸ.

ಇಲ್ಲಿ ತಾಳ್ಮೆ ಕೆಟ್ಟವರು ಎಮರಿ ಪೇಪರ್ ತರುತ್ತಾರೆ. ಡ್ರಿಲ್ ಮಷೀನಿಗೆ ತಂತಿ ಬ್ರಷ್ ಸಿಕ್ಕಿಸಿ ಗುಂಯ್ ಅನ್ನಿಸಿದವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಎಮರಿ ಗೀಚಿದ ಗೆರೆಗಳಿಗೆ ತೋಟೆಯ ಪ್ಲಾಸ್ಟಿಕ್ ಉಬ್ಬಿ ಒತ್ತಿ ಕೂರುತ್ತದೆ, ಮೊದಲು ಸಿಕ್ಕಿಕೊಳ್ಳುತ್ತಿದ್ದದ್ದು ಈಗ ಇನ್ನೂ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ತಿಕ್ಕಿದ ಕಬ್ಬಿಣ ವಾಪಸ್ ಬರುವುದೂ ಇಲ್ಲ.

ಆಯಿತೋ ಇಲ್ಲವೋ ತಿಳಿಯಲು ಸ್ನ್ಯಾಪ್ ಕ್ಯಾಪ್, ಅಂದರೆ ಮದ್ದಿಲ್ಲದ ಡಮ್ಮಿ ತೋಟೆ ಬಳಸಿ. ಬೆರಳು ಬಿಟ್ಟರೆ ತಾನೇ ಜಾರಿ ಕೂರಬೇಕು, ನಳಿಗೆ ಎತ್ತಿದರೆ ತಾನೇ ಬೀಳಬೇಕು. ಬೀಳದಿದ್ದರೆ ಇನ್ನೂ ಕೊಳೆ ಇದೆ, ಅಥವಾ ತುಕ್ಕು ತಿಂದು ಗುಂಡಿ ಬಿದ್ದಿದೆ. ಗುಂಡಿ ಬಿದ್ದದ್ದು ಗನ್‌ಸ್ಮಿತ್ ಕೆಲಸ. ನಿಜವಾದ ತೋಟೆ ಹಾಕಿ ಮನೆಯೊಳಗೆ ಈ ಪರೀಕ್ಷೆ ಮಾಡಬಾರದು ಅಂತ ಬರೆಯಬೇಕಾಗಿ ಬಂದಿದೆಯಲ್ಲ, ಅದೇ ಬೇಸರ.

ಎಕ್ಸ್‌ಟ್ರ್ಯಾಕ್ಟರ್ (ಕೋವಿ ತೆರೆದಾಗ ತೋಟೆಯನ್ನು ಹೊರಗೆ ಎತ್ತುವ ಭಾಗ) ಎತ್ತಿ ಅದರಡಿ ಹಳೆಯ ಹಲ್ಲುಜ್ಜುವ ಬ್ರಷ್ ಆಡಿಸಿ. ಅಲ್ಲಿ ಸುಡದ ಮದ್ದಿನ ಕಾಳು ಕೂತರೆ ಕೋವಿ ಪೂರ್ತಿ ಮುಚ್ಚುವುದಿಲ್ಲ.

ಇನ್ನು ‘ಟಿಕ್’ ದೂರು. ಈಡು ಹಾರದಿದ್ದರೆ ತಕ್ಷಣ ಕೋವಿ ಮುರಿಯಬೇಡಿ. ಕೆಲವೊಮ್ಮೆ ಮದ್ದು ತಡವಾಗಿ ಹತ್ತಿಕೊಳ್ಳುತ್ತದೆ. ನಳಿಗೆಯ ಬಾಯಿಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಕಡಿಮೆಯೆಂದರೂ 30 ಸೆಕೆಂಡ್ ಕಾಯಿರಿ. ಆಮೇಲೆ ತೋಟೆ ತೆಗೆದು ಅದರ ಕೇಪು, ಅಂದರೆ ಹಿಂಭಾಗದಲ್ಲಿ ಪಿನ್ ಬಡಿಯುವ ಬಿಲ್ಲೆ, ನೋಡಿ. ಗುಂಡಿ ಆಳವಾಗಿ ಬಿದ್ದಿದೆಯಾ? ಹಾಗಿದ್ದರೆ ಹೆಚ್ಚಾಗಿ ಕೋವಿಯದ್ದು ತಪ್ಪಿಲ್ಲ, ತೋಟೆ ತಂಡಿ ಹಿಡಿದಿದೆ. ಗುಂಡಿ ಸಣ್ಣದಾಗಿ, ಉಗುರು ತಾಗಿದ ಹಾಗೆ ಇದೆಯಾ? ಆಗ ಪಿನ್ ಬಲವಾಗಿ ಬಡಿಯುತ್ತಿಲ್ಲ.

ಪಿನ್ ಬಡಿಯದಿರಲು ನಮ್ಮ ಊರಿನಲ್ಲಿ ಮೊದಲ ಕಾರಣ ಕೊಬ್ಬರಿ ಎಣ್ಣೆ. ಹೌದು. ಮನೆಯಲ್ಲಿ ಇರುತ್ತದೆ, ಸುರಿದುಬಿಡುತ್ತಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಬಚ್ಚಲಲ್ಲಿ ಬಾಟಲಿ ನೋಡಿದವರಿಗೆ ಗೊತ್ತಲ್ವಾ? ಕೋವಿಯೊಳಗೂ ಅದೇ ಆಗಿರುತ್ತದೆ. ಮಧ್ಯಾಹ್ನ ಸರಿಯಾಗಿ ಹಾರುವ ಕೋವಿ ರಾತ್ರಿ ಗದ್ದೆ ಬದುವಿನಲ್ಲಿ ಕೈಕೊಡುವುದು ಇದರಿಂದ. ಅಡುಗೆ ಎಣ್ಣೆ ಯಾವುದೂ ಬೇಡ, ಒಣಗಿ ಅಂಟಾಗುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆ ಸಾಕು, ಅದೂ ಒಂದು ಹನಿ. ಡಬ್ಲ್ಯೂಡಿ 40 ಸ್ಪ್ರೇ ಹೊಡೆದು ಮುಗಿಯಿತು ಅನ್ನುವವರೂ ಇದ್ದಾರೆ. ಅದರ ಹೆಸರಿನಲ್ಲೇ (ವಾಟರ್ ಡಿಸ್‌ಪ್ಲೇಸ್‌ಮೆಂಟ್) ಇರುವಂತೆ ಅದು ನೀರು ಓಡಿಸಲು ಹುಟ್ಟಿದ್ದು. ಮಳೆಯಲ್ಲಿ ನೆನೆದ ಕೋವಿಗೆ ಹೊಡೆಯಿರಿ, ಒರೆಸಿ, ಆಮೇಲೆ ಎಣ್ಣೆ ಬೇರೆ ಹಚ್ಚಿ. ಅದೊಂದನ್ನೇ ನಂಬಿ ಮಳೆಗಾಲ ದಾಟಿಸಲು ಹೋಗಬೇಡಿ.

ಒಳಗೆ ಎಣ್ಣೆ ಆಗಲೇ ಗಟ್ಟಿಯಾಗಿದ್ದರೆ ಲಾಕ್ (ಪಿನ್ ಬಡಿಸುವ ಒಳಗಿನ ಯಂತ್ರ) ಬಿಚ್ಚಲು ನೀವು ಕೂರಬೇಡಿ. ಕೋವಿಯ ಸ್ಕ್ರೂಗಳ ತಲೆಯ ಸೀಳು ತುಂಬಾ ಸಣ್ಣದು, ಮನೆಯ ಸ್ಕ್ರೂಡ್ರೈವರ್ ಜಾರಿ ತಲೆ ಕಿತ್ತು ಹೋಗುತ್ತದೆ. ಹಳೆಯ ಕೋವಿಯನ್ನು ಖಾಲಿ ಟ್ರಿಗರ್ ಒತ್ತಿ ಒತ್ತಿ ‘ಬಿಡಿಸಲು’ ಹೋದರೆ ಪಿನ್ ಮುರಿಯಬಹುದು, ಸ್ನ್ಯಾಪ್ ಕ್ಯಾಪ್ ಹಾಕಿಯೇ ಒತ್ತಿ.

ಪಿನ್, ಸ್ಪ್ರಿಂಗ್ ನಿಜವಾಗಿ ಸವೆದಿದ್ದರೆ ಬದಲಿಸಲೇಬೇಕು. ಆದರೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೋವಿ ರಿಪೇರಿ ಮಾಡಿಕೊಡುವುದಕ್ಕೂ ಲೈಸೆನ್ಸ್ ಬೇಕು. ಲೇತ್ ಅಂಗಡಿಯಲ್ಲಿ ಬೈಕಿನ ಕಡ್ಡಿಯಿಂದ ಪಿನ್ ಮಾಡಿಸಿದ್ದನ್ನು ನೋಡಿದ್ದೇನೆ. ಒಂದಿಷ್ಟು ಉದ್ದ ಜಾಸ್ತಿಯಾದರೂ ಪಿನ್ ಕೇಪನ್ನು ಚುಚ್ಚಿ ತೂತು ಮಾಡುತ್ತದೆ, ಬಿಸಿ ಗ್ಯಾಸ್ ಹಿಂದಕ್ಕೆ ನಿಮ್ಮ ಮುಖದ ಕಡೆ ಬರುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಒಳ್ಳೆಯದು ಅನ್ನುವುದೂ ಸುಳ್ಳು, ಹಳೆಯ ಪಿನ್ ಅದರ ಪೆಟ್ಟು ತಾಳುವುದಿಲ್ಲ. ಗನ್‌ಸ್ಮಿತ್ ಹತ್ತಿರ ಹೋದಾಗ ನಳಿಗೆ ಸಡಿಲವಾಗಿದೆಯಾ ಅಂತಲೂ ನೋಡಿಸಿ. ಮನೆಯಲ್ಲೇ ತಿಳಿಯಬೇಕಿದ್ದರೆ, ಖಾಲಿ ಕೋವಿಯ ಮುಂದಿನ ಮರ ತೆಗೆದು, ಮುಚ್ಚಿ, ಅಲ್ಲಾಡಿಸಿ. ಟಕಟಕ ಅಂದರೆ ಅದರಲ್ಲಿ ಈಡು ಹೊಡೆಯಬೇಡಿ.

ತೋಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿರಲಿ ಅಂತ ಇಡುವ ಅಭ್ಯಾಸ ಬಿಡಿ. ಗಾಳಿಯಾಡದ ಸ್ಟೀಲ್ ಡಬ್ಬ, ಒಳಗೆ ಸಿಲಿಕಾ ಜೆಲ್, ಬೀಗ. ಹಳೆಯ ಕಾಗದದ ತೋಟೆ ತಂಡಿಗೆ ಉಬ್ಬುತ್ತದೆ, ಅದನ್ನು ಒತ್ತಿ ತುರುಕಬೇಡಿ.

ಕೋವಿಯನ್ನು ಚರ್ಮದ ಕವರಿನಲ್ಲಿ ಮಳೆಗಾಲ ಕಳೆಯಲು ಬಿಡಬೇಡಿ. ಕವರ್ ಇರುವುದು ಜೀಪಿನಲ್ಲಿ ಒಯ್ಯಲು. ಅದು ತೇವ ಹಿಡಿದಿಟ್ಟು ಕಬ್ಬಿಣಕ್ಕೆ ತಿನ್ನಿಸುತ್ತದೆ. ಎಣ್ಣೆ ಒರೆಸಿದ ಮೇಲೆ ನಳಿಗೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಇಲ್ಲದಿದ್ದರೆ ಎಣ್ಣೆ ಇಳಿದು ಹಿಡಿಯ ಮರಕ್ಕೆ ಸೇರಿ ಮರ ಮೆತ್ತಗಾಗುತ್ತದೆ. ಬೀರುವಿನಲ್ಲಿ ಬಲ್ಬ್ ಉರಿಸುವವರು ಹಳೆಯ ತಂತಿಯ ಬಲ್ಬ್ ಹಾಕಿ, ಎಲ್‌ಇಡಿಯಲ್ಲಿ ಅಷ್ಟು ಬಿಸಿ ಬರುವುದಿಲ್ಲ. ಜುಲೈನಲ್ಲಿ ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿ. ಕೈ ಬೆವರು ತಾಗಿದ ಜಾಗದಲ್ಲೇ ಮೊದಲು ತುಕ್ಕು ಬರುವುದು. ಮತ್ತೆ ಈಡು ಹೊಡೆಯುವ ಮುಂಚೆ ನಳಿಗೆಯೊಳಗಿನ ಎಣ್ಣೆಯನ್ನು ಒಣ ಬಟ್ಟೆಯಲ್ಲಿ ಪೂರ್ತಿ ತೆಗೆಯಿರಿ, ಚೇಂಬರಿನದ್ದೂ.

ಕೊನೆಗೆ ಚುನಾವಣೆ. ನೀತಿಸಂಹಿತೆ ಬಂದರೆ ಕೋವಿ ಒಪ್ಪಿಸಿ ಅಂತ ಠಾಣೆಯಿಂದ ಹೇಳಿ ಕಳಿಸುತ್ತಾರೆ, ಆಗ ನಿಮ್ಮ ಒರೆಸುವ ಲೆಕ್ಕವೆಲ್ಲ ತಪ್ಪುತ್ತದೆ. 2024ರ ಲೋಕಸಭೆಗೆ ಹಾಸನ, ಚಿಕ್ಕಮಗಳೂರಿನಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಅಂದರೆ ವಾಪಸ್ ಸಿಗುವ ಹೊತ್ತಿಗೆ ಮುಂಗಾರು. ಕೊಡುವ ಹಿಂದಿನ ದಿನ ಚೇಂಬರ್ ತಿಕ್ಕಿ, ಒಳಗೆ ಹೊರಗೆ ತೆಳುವಾಗಿ ಗ್ರೀಸ್ ಹಚ್ಚಿ, ಕವರ್ ಇಲ್ಲದೆ ಕೊಡಿ. ಹಿಡಿಗೆ ಹೆಸರು, ಲೈಸೆನ್ಸ್ ನಂಬರಿನ ಚೀಟಿ ಕಟ್ಟಿ, ಮೊಬೈಲಿನಲ್ಲಿ ಎರಡೂ ಕಡೆಯ ಫೋಟೊ ತೆಗೆದುಕೊಂಡು, ರಸೀದಿ ಇಸಿದುಕೊಳ್ಳಿ. ವಾಪಸ್ ತಂದ ಸಂಜೆಯೇ ಗ್ರೀಸ್ ತೆಗೆದು ನಳಿಗೆ ಬೆಳಕಿಗೆ ಹಿಡಿದು ನೋಡಿ, ನಾಳೆ ನೋಡೋಣ ಅಂದರೆ ಅದು ನವೆಂಬರಿಗೇ ಹೋಗುತ್ತದೆ.