ರೊಟ್ಟಿ ಸಮವಾಗಿತ್ತು, ಟೈಲ್ಸ್ ಮಾತ್ರ ಸೊಟ್ಟ

ಒಲೆಯ ಹಿಂದಿನ ಗೋಡೆಗೆ ನಾನೇ ಟೈಲ್ಸ್ ಮಾಡುತ್ತೇನೆ ಎಂದಾಗ ಅಮ್ಮ ನಕ್ಕರು. "ಬದಿಯಡ್ಕ ಪೇಟೆಯಲ್ಲಿ ಸಿಗುತ್ತದಲ್ವಾ, ಸುಮ್ನೆ ಯಾಕೆ ಮಣ್ಣಾಟ?" ಈಗ ಅವರೇ ನಾನು ಲಟ್ಟಿಸಿದ ಮಣ್ಣಿನ ಹಾಳೆಗೆ 'ರೊಟ್ಟಿ' ಎಂದು ಹೆಸರಿಟ್ಟಿದ್ದಾರೆ.

ಆವೆಮಣ್ಣಿಗೆ ಒಡೆದ ಮಂಗಳೂರು ಹಂಚನ್ನು ಕುಟ್ಟಿ, ಜರಡಿ ಹಿಡಿದು ಸೇರಿಸಿದೆ. ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಪುಡಿ. ಒಮ್ಮೆ ಬೆಂದ ಪುಡಿ ಮತ್ತೆ ಕುಗ್ಗುವುದಿಲ್ಲ, ಹಾಗಾಗಿ ಬಿರುಕು ಕಡಿಮೆ. ಹಸಿಮಣ್ಣಿನ ಮೇಲೆ 10 ಸೆಂ.ಮೀ. ಗೆರೆ ಎಳೆದು ಸುಟ್ಟು ನೋಡಿದೆ: 9.2 ಆಗಿತ್ತು. ಅಂದರೆ 10 ಸೆಂ.ಮೀ. ಟೈಲ್ಸ್ ಬೇಕಾದರೆ ಹಸಿಯಲ್ಲಿ 10.9 ಕತ್ತರಿಸಬೇಕು.

ದಪ್ಪ ಸಮ ಬರಲು ಎರಡು ಬದಿಗೂ ಪಟ್ಟಿ ಇಟ್ಟು, ಅದರ ಮೇಲೆ ಪೈಪು ಉರುಳಿಸಬೇಕು. ಪೈಪು ತೋಟದ ಪಂಪಿನದು, ಹಳೆಯ ಎರಡಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ). ಪಟ್ಟಿಗೆ ಮೊದಲು ಅಡಿಕೆ ಮರ ಸೀಳಿದ ಸಲಾಕೆ ಇಟ್ಟೆ. ಬುಡ ದಪ್ಪ, ತುದಿ ಸಪೂರ. ಮಣ್ಣೂ ಹಾಗೇ ಆಯಿತು. ಆಮೇಲೆ ಬಡಗಿ ಆಚಾರ್ರ ಹತ್ತಿರ ಒಂದೇ ಹಲಗೆಯಿಂದ 10 ಮಿ.ಮೀ. ದಪ್ಪದ ಎರಡು ರೀಪು ಸೀಳಿಸಿದೆ. ಚೆನ್ನಾಗಿಯೇ ಇತ್ತು. ಆಟಿ ತಿಂಗಳ ಮಳೆಯಲ್ಲಿ ಒಂದು ರೀಪು ಒದ್ದೆ ನೆಲದಲ್ಲಿ ಉಳಿದು ಉಬ್ಬಿತು. ಕಣ್ಣಿಗೆ ಗೊತ್ತಾಗಲಿಲ್ಲ. ಈಗ ಪ್ರತಿ ಸಲ ಎರಡನ್ನೂ ಒತ್ತಿಗೆ ಇಟ್ಟು ಅಡ್ಡಕ್ಕೆ ಬೆರಳು ಆಡಿಸುತ್ತೇನೆ. ಕೂದಲೆಳೆಯಷ್ಟು ಏರುಪೇರಿದ್ದರೂ ಬೆರಳು ಹೇಳುತ್ತದೆ.

ಮಣ್ಣಿನ ಅಡಿಗೂ ಮೇಲಕ್ಕೂ ಹಳೇ ಬೈರಾಸು (ಟವೆಲ್). ಇಲ್ಲದಿದ್ದರೆ ಕಬ್ಬಿಣಕ್ಕೆ ಅಂಟುತ್ತದೆ. ಮುದ್ದೆಯನ್ನು ಮೊದಲು ಅಂಗೈಯಲ್ಲಿ ತಟ್ಟಿ ಚಪ್ಪಟೆ ಮಾಡಿ, ನಡುವಿನಿಂದ ಹೊರಗೆ ಉರುಳಿಸುತ್ತೇನೆ. ಮೂರ್ನಾಲ್ಕು ಸಲ ಆದ ಮೇಲೆ ರೊಟ್ಟಿಯನ್ನು ಮಗುಚಿ, ಕಾಲುಸುತ್ತು ತಿರುಗಿಸಿ ಮತ್ತೆ ಉರುಳಿಸುವುದು. ಒಂದೇ ಕಡೆಗೆ ಎಳೆದ ಮಣ್ಣು ಒಣಗುವಾಗ, ಸುಡುವಾಗ ಒಂದು ಕಡೆಗೇ ಜಾಸ್ತಿ ಕುಗ್ಗುತ್ತದೆ, ಚೌಕ ಹೋಗಿ ಆಯತ ಆಗುತ್ತದೆ. ಗುಳ್ಳೆ ಕಂಡರೆ ಸೂಜಿಯಿಂದ ಚುಚ್ಚಿ ಬೆರಳಲ್ಲಿ ಒರಸಬೇಕು.

ಇಷ್ಟೆಲ್ಲ ಮಾಡಿಯೂ ಮೊದಲ ಗೂಡಿನ, ಅಂದರೆ ಮೊದಲ ಸಲ ಸುಟ್ಟ, 20ರಲ್ಲಿ 13 ಸೊಟ್ಟ. ದಪ್ಪ ಅಳೆದೆ, ಎಲ್ಲವೂ ಒಂದೇ. ತಲೆ ಕೆಟ್ಟುಹೋಯಿತು. ತಪ್ಪು ಉರುಳಿಸಿದ್ದರಲ್ಲಿ ಇರಲಿಲ್ಲ, ಎತ್ತಿದ್ದರಲ್ಲಿ ಇತ್ತು. ದೋಸೆ ಎತ್ತಿದ ಹಾಗೆ ಮೂಲೆ ಹಿಡಿದು ಎತ್ತಿ ಹಲಗೆಗೆ ಹಾಕಿದ್ದೆ. ಹಲಗೆಯ ಮೇಲೆ ಚಪ್ಪಟೆಯಾಗಿಯೇ ಮಲಗಿತ್ತು. ಆದರೆ ಮಣ್ಣು ಮರೆಯುವುದಿಲ್ಲ. ಎಲ್ಲಿ ಬಗ್ಗಿತ್ತೋ ಬೆಂಕಿಯಲ್ಲಿ ಅಲ್ಲೇ ಮತ್ತೆ ಬಗ್ಗಿತು. ಈಗ ರೊಟ್ಟಿಯನ್ನು ಕೈಯಲ್ಲಿ ಎತ್ತುವುದೇ ಇಲ್ಲ. ಮೇಲೊಂದು ಹಲಗೆ, ಕೆಳಗೊಂದು ಹಲಗೆ, ಒಟ್ಟಿಗೆ ಹಿಡಿದು ಮಗುಚುತ್ತೇನೆ.

ಕತ್ತರಿಸಲು ಅವಸರ ಬೇಡ. ಬೆರಳಿಗೆ ಅಂಟದಷ್ಟು ಬಿಗಿಯಾಗಲಿ. ಚೂರಿ ಎಳೆದರೆ ಮೂಲೆ ಏಳುತ್ತದೆ, ಮೇಲಿಂದ ಒತ್ತಿ ಕತ್ತರಿಸಬೇಕು. ಒಣಗಿಸಲು ಸೀಲಿಂಗಿನ ಕೆಲಸದಲ್ಲಿ ಉಳಿದ ಜಿಪ್ಸಂ ಬೋರ್ಡಿನ ತುಂಡುಗಳ ನಡುವೆ ಇಡುತ್ತೇನೆ, ದಿನಕ್ಕೊಮ್ಮೆ ಮಗುಚುತ್ತೇನೆ. ಮಾರ್ಚಿನಲ್ಲಿ ಐದು ದಿನ ಸಾಕು, ಆಟಿಯಲ್ಲಿ ಎರಡು ವಾರ.

ಸುಡುವುದು ಮಂಗಳೂರಿನ ಗೆಳೆಯನ ಕರೆಂಟಿನ ಗೂಡಲ್ಲಿ, 1000 ಡಿಗ್ರಿಗೆ. ಸುಡದ ಟೈಲ್ಸ್ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಲಪಾಡಿ ದಾಟುವಾಗ ಪ್ರತಿ ಹೊಂಡಕ್ಕೂ ಎದೆ ಧಸಕ್ಕೆನ್ನುತ್ತದೆ. ಎರಡನೇ ಗೂಡಿನ 20ರಲ್ಲಿ ಎರಡು ಮಾತ್ರ ಸೊಟ್ಟ. ಒಂದರ ಮೇಲೆ ಅಮ್ಮ ಬಿಸಿ ಪಾತ್ರೆ ಇಡುತ್ತಾರೆ. ಇನ್ನೊಂದು ಅಲುಗಾಡುತ್ತದೆ ಎಂದು ಅವರಿಗೆ ಆಗುವುದಿಲ್ಲ.